ನವಿಲಿಗೆ ಅಷ್ಟುದ್ದ ಗರಿ ಯಾಕೆ? ಕೇರೆ ಹಾವು ಕುಸ್ತಿ ಆಡೋದು ಯಾಕೆ?

ಈ ಸಲ ಬಂದ ಕಾಗದಗಳಲ್ಲಿ ಪ್ರಾಣಿಗಳ ಮದುವೆ ವಿಚಾರವೇ ಜಾಸ್ತಿ. ಮಳೆ ಹಿಡಿದು ಎಲ್ಲರೂ ಜಗಲಿಯಲ್ಲಿ ಕೂತು ತೋಟದ ಕಡೆ ನೋಡುತ್ತಿದ್ದೀರಿ ಅಂತ ಕಾಣುತ್ತೆ. ಒಂದಕ್ಕೊಂದು ನಂಟಿರುವ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಈಗೀಗ ನಮ್ಮ ಗದ್ದೆಗೂ ನವಿಲು ಬರುತ್ತಿವೆ. ಗಂಡು ಅಷ್ಟುದ್ದ ಗರಿ ಎಳೆದುಕೊಂಡು ಒದ್ದೆ ಹುಲ್ಲಲ್ಲಿ ಓಡೋದು ನೋಡಿದರೆ ಪಾಪ ಅನ್ನಿಸುತ್ತೆ. ಮೊನ್ನೆ ನಮ್ಮನೆ ನಾಯಿ ಒಂದನ್ನು ಹಿಡಿದೇ ಬಿಡ್ತಿತ್ತು. ಬಲವಿದ್ದದ್ದು ಉಳಿಯುತ್ತೆ ಅಂತ ಶಾಲೆಯಲ್ಲಿ ಕಲಿಸಿದ್ದರು. ಹಾಗಾದರೆ ಈ ಗರಿ ಯಾವತ್ತೋ ಇಲ್ಲವಾಗಬೇಕಿತ್ತಲ್ವಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಈ ತಲೆನೋವು ಚಾರ್ಲ್ಸ್ ಡಾರ್ವಿನ್‌ಗೂ ಇತ್ತು. ನಿಸರ್ಗದ ಆಯ್ಕೆ ಅನ್ನುವ ವಾದವನ್ನು 1859ರಲ್ಲಿ ಪುಸ್ತಕ ಮಾಡಿ ಜಗತ್ತಿನ ಮುಂದಿಟ್ಟವನು, ಮರುವರ್ಷವೇ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಕಾಗದದಲ್ಲಿ, ನವಿಲುಗರಿ ಕಂಡಾಗಲೆಲ್ಲ ಹೊಟ್ಟೆ ತೊಳಸುತ್ತೆ ಅಂತ ಹೇಳಿಕೊಂಡಿದ್ದ. ತನ್ನ ವಾದಕ್ಕೆ ಅದು ಎಲ್ಲೂ ಹೊಂದುತ್ತಿರಲಿಲ್ಲ, ಅದಕ್ಕೆ.

ಬಲವಿದ್ದದ್ದು ಉಳಿಯುತ್ತೆ ಅನ್ನುವುದು ಅರ್ಧ ಮಾತು. ಉಳಿದು ಏನು ಮಾಡಿತು ಅನ್ನುವುದು ಇನ್ನರ್ಧ. ಒಂದು ಗಂಡು ನವಿಲು ಗಟ್ಟಿಮುಟ್ಟಾಗಿ ಹದಿನೈದು ವರ್ಷ ಬದುಕಿ ಒಂದೂ ಮರಿಗೆ ಅಪ್ಪನಾಗದೆ ಸತ್ತರೆ ಅದರ ವಂಶ ಅಲ್ಲಿಗೇ ನಿಂತಿತು. ಇನ್ನೊಂದು ಐದೇ ವರ್ಷಕ್ಕೆ ನಾಯಿ ಬಾಯಿಗೆ ಬಿದ್ದರೂ ಅಷ್ಟರೊಳಗೆ ಮೂವತ್ತು ಮರಿ ಬಿಟ್ಟಿದ್ದರೆ, ಮುಂದಿನ ತಲೆಮಾರಿನಲ್ಲಿ ಓಡಾಡುವುದು ಅದರ ಗುಣಗಳೇ. ಗರಿ ಹೆಣ್ಣನ್ನು ಒಲಿಸುವುದಾದರೆ, ಜೀವಕ್ಕೆ ಸ್ವಲ್ಪ ಕುತ್ತು ತಂದರೂ ಅದು ಉಳಿಯುತ್ತೆ, ಬೆಳೆಯುತ್ತೆ. ಇದನ್ನೇ ಡಾರ್ವಿನ್ 1871ರಲ್ಲಿ ಲೈಂಗಿಕ ಆಯ್ಕೆ ಅಂತ ಬೇರೆಯಾಗಿ ವಿವರಿಸಿದ. ಅದರಲ್ಲಿ ಎರಡು ದಾರಿ. ಒಂದು, ಗಂಡು ಗಂಡುಗಳೇ ಹೊಡೆದಾಡಿ ಗೆದ್ದದ್ದಕ್ಕೆ ಹೆಣ್ಣು ಸಿಗುವುದು. ಇನ್ನೊಂದು, ಹೆಣ್ಣೇ ನೋಡಿ ಆರಿಸುವುದು. ಎರಡನೆಯದನ್ನು ಆಗಿನ ಕಾಲದ ದೊಡ್ಡ ದೊಡ್ಡವರೇ ಒಪ್ಪಲಿಲ್ಲ. ನಿಸರ್ಗದ ಆಯ್ಕೆಯನ್ನು ತಾನಾಗಿಯೇ ಕಂಡುಕೊಂಡಿದ್ದ ವಾಲೇಸ್ ಕೂಡ ತಕರಾರು ತೆಗೆದ. ಹಕ್ಕಿಗೆ, ಅದರಲ್ಲೂ ಹೆಣ್ಣು ಹಕ್ಕಿಗೆ, ಅಂಥ ಅಭಿರುಚಿ ಎಲ್ಲಿಂದ ಬರಬೇಕು ಅನ್ನುವ ಧೋರಣೆ ಆಗ ಇತ್ತು ಅಂತ ನನಗನ್ನಿಸುತ್ತೆ.

ಈಗ ಗದ್ದೆ ಅಂಚಿಗೆ ಬನ್ನಿ. ಗರಿ ಬಿಚ್ಚಿದ ನವಿಲನ್ನು ಒಮ್ಮೆ ಹಿಂದಿನಿಂದ ನೋಡಿ. ಗಿಡ್ಡನೆಯ ಕಂದು ಪುಕ್ಕಗಳು ನೆಟ್ಟಗೆ ನಿಂತು ಆ ಇಡೀ ಚಾಮರಕ್ಕೆ ಆಸರೆ ಕೊಟ್ಟಿರುತ್ತವೆ. ನಿಜವಾದ ಬಾಲ ಅದು. ನಾವು ನವಿಲುಗರಿ ಅನ್ನುವುದು ಬಾಲದ ಬುಡದ ಮೇಲೆ ಹೊದ್ದುಕೊಂಡ ಗರಿಗಳು, ಉದ್ದವಾಗಿ ಬೆಳೆದವು. ಗಂಡು ಅವನ್ನು ಬಿಚ್ಚಿ ಸುಮ್ನೆ ನಿಲ್ಲುವುದಿಲ್ಲ, ಹೆಣ್ಣು ಹತ್ತಿರ ಬಂದಾಗ ಜುಂ ಅಂತ ನಡುಗಿಸುತ್ತೆ. ಆಗ ಗರಿ ಎಲ್ಲ ಅಲುಗಿದರೂ ಕಣ್ಣುಗಳು ಮಾತ್ರ ಅಲ್ಲಲ್ಲೇ ನಿಂತ ಹಾಗೆ ಕಾಣುತ್ತವೆ. ಹೆಣ್ಣು ಅತ್ತ ತಿರುಗಿಯೂ ನೋಡದೆ ಕಾಳು ಹೆಕ್ಕುತ್ತಿರುತ್ತೆ. ನಮಗೆ ಹಾಗನ್ನಿಸುತ್ತೆ ಅಷ್ಟೇ, ಅದು ನೋಡುತ್ತಿರುತ್ತೆ ಮಾರಾಯರೇ!

ಇಂಗ್ಲೆಂಡಿನ ಮರಿಯನ್ ಪೆಟ್ರಿ ಎಂಬ ವಿಜ್ಞಾನಿ ವಿಪ್ಸ್‌ನೇಡ್ ಉದ್ಯಾನದ ನವಿಲುಗಳ ಮೇಲೆ ಕಣ್ಣಿಟ್ಟರು. ಹೆಣ್ಣು ಒಂದೇ ಗಂಡನ್ನು ನೋಡಿ ಒಪ್ಪುತ್ತಿರಲಿಲ್ಲ. ನಾಲ್ಕು ಕಡೆ ಸುತ್ತಿ, ಕಂಡವುಗಳಲ್ಲಿ ಗರಿಗಣ್ಣು ಜಾಸ್ತಿ ಇದ್ದದ್ದನ್ನು ಹೆಚ್ಚಾಗಿ ಆರಿಸುತ್ತಿತ್ತು. ಒಂದಿಷ್ಟು ಗರಿಗಳ ಕಣ್ಣು ಕತ್ತರಿಸಿ ಬಿಟ್ಟಾಗ ಆ ಗಂಡುಗಳಿಗೆ ಬೇಡಿಕೆ ಕಡಿಮೆಯಾಯಿತು. 1994ರಲ್ಲಿ ಅವರು ಇನ್ನೊಂದು ವಿಷಯ ಹೇಳಿದರು: ಚಂದದ ಗರಿಯ ಅಪ್ಪಂದಿರ ಮರಿಗಳು ಚೆನ್ನಾಗಿ ಬೆಳೆದವು, ಹೆಚ್ಚು ಬದುಕಿದವು. ಎಲ್ಲರೂ ತಲೆದೂಗಿದರು. ಆಮೇಲೆ ಜಪಾನಿನಲ್ಲಿ ಏಳು ವರ್ಷ ನವಿಲುಗಳನ್ನು ನೋಡಿದವರು 2008ರಲ್ಲಿ ತಮ್ಮ ಲೆಕ್ಕ ಕೊಟ್ಟರು, ಹೆಣ್ಣು ಗರಿ ನೋಡಿ ಆರಿಸುವುದು ತಮಗೆ ಕಾಣಲೇ ಇಲ್ಲ ಅಂತ. ಎಣಿಕೆಗಿಂತ ಆ ಕಣ್ಣುಗಳ ಹೊಳಪು ಮುಖ್ಯ ಅಂತ ಇನ್ನೊಂದು ತಂಡ. ಆ ವಾದ ಇನ್ನೂ ನಡೆದಿದೆ. ಅಂದಹಾಗೆ ಗರಿ ಭಾರವಾಗಿ ಹಾರಲಾಗದು ಅಂತ ನೀವು ಬರೆದಿದ್ದೀರಿ. ಅದನ್ನೂ ಅಳೆದಿದ್ದಾರೆ. ಗರಿ ಕತ್ತರಿಸುವ ಮುಂಚೆ ಒಮ್ಮೆ, ಕತ್ತರಿಸಿದ ಮೇಲೆ ಒಮ್ಮೆ ನವಿಲನ್ನು ಹಾರಿಸಿ ನೋಡಿದಾಗ ನೆಲ ಬಿಟ್ಟು ಏಳುವುದರಲ್ಲಿ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಆದರೆ ಪ್ರತಿವರ್ಷ ಅಷ್ಟೂ ಗರಿ ಉದುರಿಸಿ ಮತ್ತೆ ಹೊಸದು ಬೆಳೆಸಬೇಕಲ್ಲ, ಆ ಖರ್ಚು ಇದ್ದೇ ಇದೆ.

ಹೆಣ್ಣಿಗೆ ಉದ್ದ ಗರಿಯೇ ಯಾಕೆ ಇಷ್ಟ? ಇಸ್ರೇಲಿನ ಝಹಾವಿ 1975ರಲ್ಲಿ ಒಂದು ತರ್ಕ ಕೊಟ್ಟ: ಇಷ್ಟು ಹೊರೆ ಹೊತ್ತೂ ಬದುಕಿದ್ದಾನೆ ಅಂದರೆ ಇವನ ಮೈಯಲ್ಲಿ ಕಸುವಿರಬೇಕು, ಸೋಗು ಹಾಕಲು ಆಗದ ಪುರಾವೆ ಅದು. ಅದಕ್ಕೂ ಮೊದಲೇ ಇಂಗ್ಲೆಂಡಿನ ವಿಜ್ಞಾನಿ ಫಿಶರ್ ಹೇಳಿದ್ದು ಇನ್ನೂ ಸರಳ. ಉದ್ದ ಗರಿ ಇಷ್ಟಪಡುವ ಹೆಣ್ಣಿಗೆ ಉದ್ದ ಗರಿಯ ಗಂಡುಮಕ್ಕಳು ಹುಟ್ಟುತ್ತವೆ, ಆ ಗಂಡುಮಕ್ಕಳಿಗೆ ಬೇಡಿಕೆ, ಜೊತೆಗೆ ಹೆಣ್ಣುಮಕ್ಕಳಿಗೆ ಅಮ್ಮನದೇ ರುಚಿ, ಹೀಗೆ ಗರಿಯೂ ರುಚಿಯೂ ಒಂದನ್ನೊಂದು ಎಳೆದುಕೊಂಡು ಹೋಗುತ್ತವೆ. ನನಗೆ ಫಿಶರ್ ಮಾತು ಹೆಚ್ಚು ಹಿಡಿಸುತ್ತೆ. ಮದುವೆ ಮನೆಯ ಊಟದ ಐಟಂಗಳು ವರ್ಷವರ್ಷ ಏರುವುದೂ ಹೀಗೇ ಅಲ್ವಾ?

ಪ್ರಶ್ನೆ: ನವಿಲಿನ ಕಣ್ಣೀರು ಕುಡಿದು ಹೆಣ್ಣು ಬಸಿರಾಗುತ್ತೆ ಅಂತ ನಮ್ಮ ಅಜ್ಜಿ ಹೇಳ್ತಿದ್ರು. (ಹೊಸನಗರ)

ಉತ್ತರ: ಇಲ್ಲ. ಕೋಳಿಯ ಹಾಗೇ ಕೂಡುತ್ತವೆ. ಕೆಲವು ಸೆಕೆಂಡಿನ ಕೆಲಸ, ಆದ್ದರಿಂದ ಯಾರಿಗೂ ಕಾಣುವುದಿಲ್ಲ. ಕಣ್ಣೀರಿನಲ್ಲೇ ಕೆಲಸ ಆಗುವುದಿದ್ದರೆ ಗಂಡಿಗೆ ಗರಿ ಯಾತಕ್ಕೆ? ಒಳ್ಳೆ ಅಳು ಬಂದರೆ ಸಾಕಿತ್ತು.

ಪ್ರಶ್ನೆ: ಭತ್ತದ ಕಂದು ಜಿಗಿಹುಳಕ್ಕೆ ಮೊದಲು ಒಂದು ಸಲ ಔಷಧಿ ಹೊಡೆದರೆ ಸಾಕಿತ್ತು. ಈಗ ಎಷ್ಟು ಹೊಡೆದರೂ ಜಗ್ಗುವುದಿಲ್ಲ. ಹುಳಕ್ಕೆ ಔಷಧಿ ಅಭ್ಯಾಸ ಆಗಿಬಿಟ್ಟಿದೆಯಾ? (ಸಾಗರದ ರೈತರು)

ಉತ್ತರ: ಒಂದೊಂದು ಹುಳಕ್ಕೂ ಅಭ್ಯಾಸ ಆಗುವುದಲ್ಲ ಇದು. ನೀವು ಮೊದಲ ಸಲ ಹೊಡೆದಾಗಲೇ ಗದ್ದೆಯ ಲಕ್ಷಾಂತರ ಹುಳಗಳಲ್ಲಿ ಎಲ್ಲೋ ನಾಲ್ಕು ಬೇರೆ ಥರ ಇದ್ದವು. ವಿಷ ಒಡೆದುಹಾಕುವ ಕಿಣ್ವ ಅವುಗಳ ಮೈಯಲ್ಲಿ ಸ್ವಲ್ಪ ಜಾಸ್ತಿ. ಔಷಧಿಗೂ ಮುಂಚೆ ಅದರಿಂದ ಅವಕ್ಕೆ ಅಂಥ ಲಾಭವೇನೂ ಇರಲಿಲ್ಲ. ಉಳಿದವೆಲ್ಲ ಸತ್ತವು, ಇವು ಉಳಿದವು. ಗದ್ದೆ ಪೂರ್ತಿ ಇವಕ್ಕೇ ಬಿಟ್ಟ ಹಾಗಾಯಿತು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತೆ, ತಿಂಗಳೊಳಗೆ ಹೊಸ ತಲೆಮಾರು. ಜೊತೆಗೆ ಜಿಗಿಹುಳ ತಿನ್ನುತ್ತಿದ್ದ ಜೇಡಗಳೂ ಔಷಧಿಗೆ ಸತ್ತಿರುತ್ತವೆ. ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ 1990ರ ದಶಕದಲ್ಲಿ ಬಂತು, 2005ರ ಆಸುಪಾಸಿಗೇ ಏಷ್ಯಾದ ಹಲವು ದೇಶಗಳ ಭತ್ತದ ಗದ್ದೆಯಲ್ಲಿ ಅದಕ್ಕೆ ಬಗ್ಗದ ಜಿಗಿಹುಳ ಕಾಣಿಸಿಕೊಂಡಿದ್ದವು. ನಿಸರ್ಗದ ಆಯ್ಕೆ ಅಂದರೆ ಇದೇ, ಮೊದಲೇ ಇದ್ದ ವ್ಯತ್ಯಾಸದಲ್ಲಿ ಕೆಲವು ಉಳಿದು ತುಂಬಿಕೊಳ್ಳುವುದು. ಯಾವ ಹುಳವೂ ಮನಸ್ಸು ಮಾಡಿ ಬದಲಾಗುವುದಿಲ್ಲ. ಅಂಗಡಿಯವರು ಅದೇ ಔಷಧಿಯನ್ನು ಡಬಲ್ ಮಾಡಿ ಹೊಡೀರಿ ಅಂದರೆ ಕೇಳಬೇಡಿ. ಆ ನಾಲ್ಕು ಹುಳದ ಮೊಮ್ಮಕ್ಕಳನ್ನು ಇನ್ನಷ್ಟು ಜರಡಿ ಹಿಡಿದ ಹಾಗಾಗುತ್ತೆ ಅಷ್ಟೇ.

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಕೇರೆ ಹಾವೂ ನಾಗರಹಾವೂ ಹೆಣೆದುಕೊಂಡು ಆಳೆತ್ತರ ಎದ್ದು ಆಡುತ್ತಿದ್ದವು. ಅವು ಗಂಡ ಹೆಂಡತಿ, ಮೇಲೆ ಬಿಳಿ ಪಂಚೆ ಹಾಕಿ ಆ ಬಟ್ಟೆ ಎತ್ತಿಟ್ಟುಕೊಂಡರೆ ಒಳ್ಳೇದು ಅಂದರು ಮನೆಯವರು. ಹೌದಾ? (ಕೊಪ್ಪ)

ಉತ್ತರ: ಪಂಚೆ ಹಾಕಲು ಹತ್ತಿರ ಹೋಗಲಿಲ್ಲ ತಾನೆ? ಕೇರೆಗೂ ನಾಗರಕ್ಕೂ ಸಂಬಂಧವೇ ಇಲ್ಲ, ಎರಡೂ ಬೇರೆ ಬೇರೆ ಕುಟುಂಬ. ನೀವು ಕಂಡದ್ದು ಬಹುಶಃ ಎರಡು ಕೇರೆ ಹಾವು, ಎರಡೂ ಗಂಡು. ನಡೆದದ್ದು ಕುಸ್ತಿ. ಮುಂಭಾಗ ಎತ್ತಿ, ಒಂದಕ್ಕೊಂದು ಸುತ್ತಿ, ಎದುರಾಳಿಯ ತಲೆ ನೆಲಕ್ಕೆ ಒತ್ತುವುದು. ಒತ್ತಿಸಿಕೊಂಡದ್ದು ಸೋತು ಜಾರಿಕೊಳ್ಳುತ್ತೆ. ಗೆದ್ದದ್ದಕ್ಕೆ ಹತ್ತಿರದಲ್ಲಿರುವ ಹೆಣ್ಣು. ಜೋಡಿ ಕೂಡುವಾಗ ಹೀಗೆ ಎದ್ದು ಕುಣಿಯುವುದಿಲ್ಲ, ನೆಲದ ಮೇಲೆ ಮಲಗಿಕೊಂಡೇ ಇರುತ್ತವೆ.

ಆಗುಂಬೆ ಕಡೆಯ ಕಾಳಿಂಗವೂ ಬೇಸಿಗೆಯಲ್ಲಿ ಹೀಗೇ ಸೆಣಸುತ್ತೆ. ಒಂದು ಆನೆಯನ್ನೇ ಕೆಡವುವಷ್ಟು ವಿಷ ಬಾಯಲ್ಲಿ ಇಟ್ಟುಕೊಂಡೂ ಈ ಜಗಳದಲ್ಲಿ ಅದು ಕಚ್ಚುವುದಿಲ್ಲ, ಬರೀ ತಳ್ಳಾಟ. ಇದರ ಫಲ ಮೈಯಲ್ಲೇ ಕಾಣುತ್ತೆ. ಹೆಚ್ಚಿನ ಹಾವುಗಳಲ್ಲಿ ಹೆಣ್ಣು ದೊಡ್ಡದು, ಯಾಕೆಂದರೆ ಮೈ ದೊಡ್ಡದಾದಷ್ಟು ಮೊಟ್ಟೆ ಜಾಸ್ತಿ. ಗಂಡುಗಳು ಕುಸ್ತಿ ಆಡುವ ಜಾತಿಗಳಲ್ಲಿ ಗಂಡು ದೊಡ್ಡದಾಗುವುದು ಸಾಮಾನ್ಯ. ಕಾಳಿಂಗ ಅಂಥದ್ದು. ತಲೆಮಾರುಗಟ್ಟಲೆ ಉದ್ದವಿದ್ದವನೇ ಗೆದ್ದು ಉದ್ದವಿದ್ದ ಮಕ್ಕಳನ್ನೇ ಬಿಟ್ಟಿದ್ದಾನೆ. 2024ರಲ್ಲಿ ವಿಜ್ಞಾನಿಗಳು ಕಾಳಿಂಗವನ್ನು ನಾಲ್ಕು ಜಾತಿಯಾಗಿ ಬೇರ್ಪಡಿಸಿ, ನಮ್ಮ ಪಶ್ಚಿಮಘಟ್ಟದ್ದಕ್ಕೆ ಒಫಿಯೋಫೇಗಸ್ ಕಾಳಿಂಗ ಅಂತ ನಮ್ಮ ಹೆಸರನ್ನೇ ಇಟ್ಟಿದ್ದಾರೆ, ಖುಷಿ ಪಡಿ.

ಪ್ರಶ್ನೆ: ಮಳೆ ಸ್ವಲ್ಪ ಇಳಿದ ಮೇಲೆ ಹಳ್ಳದ ಕಲ್ಲಿನ ಮೇಲೆ ಪುಟ್ಟ ಕಪ್ಪೆ ಕೂತು ಹಿಂಗಾಲು ಚಾಚಿ ಚಾಚಿ ಆಡಿಸುತ್ತೆ. ಉಂಬಳ ಹತ್ತಿರಬೇಕು ಅಂದುಕೊಂಡೆ. (ಕೊಟ್ಟಿಗೆಹಾರದ ಹತ್ತಿರದಿಂದ)

ಉತ್ತರ: ಉಂಬಳ ಅಲ್ಲ, ಅದು ಕುಣಿಯುವ ಕಪ್ಪೆ. ನಿಮ್ಮ ಊರಿನ ಹೆಸರೇ ಇರುವ ಜಾತಿಯೂ ಒಂದಿದೆ, ಮಿಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. 2014ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಎಸ್. ಡಿ. ಬಿಜು ಅವರ ತಂಡ ಪಶ್ಚಿಮಘಟ್ಟದ ಈ ಗುಂಪಿನಲ್ಲಿ ಒಂದೇ ಏಟಿಗೆ 14 ಹೊಸ ಜಾತಿ ವಿವರಿಸಿತು. ಹಳ್ಳದ ಸದ್ದಿನಲ್ಲಿ ನಿಮ್ಮ ಮಾತೇ ನಿಮಗೆ ಕೇಳುವುದಿಲ್ಲ, ಎರಡು ಮೂರು ಸೆಂಟಿಮೀಟರ್‌ನ ಕಪ್ಪೆ ಕೂಗಿದರೆ ಯಾರಿಗೆ ಕೇಳಬೇಕು? ಕೂಗುತ್ತೆ, ಅದರ ಜೊತೆಗೆ ಹಿಂಗಾಲು ಚಾಚಿ ಬೆರಳಿನ ನಡುವಿನ ಪೊರೆ ಅಗಲಿಸಿ ಬಾವುಟದ ಹಾಗೆ ತೋರಿಸುತ್ತೆ. ಕುಣಿಯುವುದು ಗಂಡು ಮಾತ್ರ. ಹತ್ತಿರ ಬಂದ ಇನ್ನೊಂದು ಗಂಡಿಗೆ ಇದು ನನ್ನ ಕಲ್ಲು, ಆಚೆ ಹೋಗು ಅನ್ನುವ ಎಚ್ಚರಿಕೆ. ಕೇಳದಿದ್ದರೆ ಅದೇ ಕಾಲಲ್ಲಿ ಒದೆಯೂ ಬೀಳುತ್ತೆ. ಇಲ್ಲಿ ಲೈಂಗಿಕ ಆಯ್ಕೆ, ನಿಸರ್ಗದ ಆಯ್ಕೆ ಎರಡೂ ಸೇರಿ ಕೆಲಸ ಮಾಡಿವೆ ನೋಡಿ: ಸ್ಪರ್ಧೆ ಗಂಡುಗಂಡಿನದು, ಆದರೆ ಆ ಸ್ಪರ್ಧೆ ಕಾಲಾಟದ ರೂಪ ಪಡೆದದ್ದು ಹಳ್ಳದ ಸದ್ದಿನಿಂದ.

ಪ್ರಶ್ನೆ: ಜೀವ ಉಳಿಸುವ ಗುಣ ಒಂದು ಕಡೆ, ಹೆಣ್ಣನ್ನು ಒಲಿಸುವ ಗುಣ ಇನ್ನೊಂದು ಕಡೆ ಎಳೆದರೆ ಕೊನೆಗೆ ಗೆಲ್ಲುವುದು ಯಾವುದು? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಒಳ್ಳೆ ಪ್ರಶ್ನೆ. ಆಯಾ ಜಾಗದಲ್ಲಿ ಯಾವ ಒತ್ತಡ ಜಾಸ್ತಿಯೋ ಅದು. ಹವಾಯಿಯ ಕೌವಾಯಿ ದ್ವೀಪದಲ್ಲಿ ಒಂದು ಘಟನೆ ನಡೆದಿದೆ. ರಾತ್ರಿ ಮನೆ ಮೂಲೆಯಲ್ಲಿ ಕಿರ್ ಕಿರ್ ಅನ್ನುವ ಹುಳ ಇದೆಯಲ್ಲ, ಆ ಜಾತಿಯ ಗಂಡುಗಳು ರೆಕ್ಕೆ ಉಜ್ಜಿ ಹಾಡಿ ಹೆಣ್ಣನ್ನು ಕರೆಯುತ್ತವೆ. ಅಲ್ಲಿ ಒಂದು ನೊಣ ಸೇರಿಕೊಂಡಿತು, ಅದೂ ಹಾಡು ಕೇಳಿಯೇ ಬರುವುದು. ಹಾಡುವವನ ಮೈಮೇಲೆ ಮರಿ ಬಿಡುತ್ತೆ, ಮರಿ ಒಳಹೊಕ್ಕು ತಿಂದು ಕೊಲ್ಲುತ್ತೆ. ಇಂಥಲ್ಲಿ ಯಾವುದೋ ಗಂಡು ರೆಕ್ಕೆಯ ಹಾಡುವ ಭಾಗವೇ ಸಪಾಟಾಗಿ ಹುಟ್ಟಿತು, ಮೂಕ. ಇಪ್ಪತ್ತು ತಲೆಮಾರಿನ ಒಳಗೇ ಆ ದ್ವೀಪದ ಗಂಡುಗಳಲ್ಲಿ ಹತ್ತರಲ್ಲಿ ಒಂಬತ್ತು ಮೂಕವಾದವು. 2006ರಲ್ಲಿ ಮಾರ್ಲಿನ್ ಝುಕ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು.

ಮೂಕನಿಗೆ ಹೆಣ್ಣು ಹೇಗೆ ಸಿಗುತ್ತೆ ಅಂತ ಕೇಳುತ್ತೀರಿ. ಇನ್ನೂ ಹಾಡುವ ಒಂದೆರಡು ಗಂಡು ಉಳಿದಿವೆಯಲ್ಲ, ಅವುಗಳ ಪಕ್ಕ ಹೋಗಿ ಕೂರುತ್ತವೆ. ಹಾಡು ಕೇಳಿ ಹೆಣ್ಣು ಬಂದಾಗ ನಡುದಾರಿಯಲ್ಲೇ ಅಡ್ಡಗಟ್ಟುತ್ತವೆ. ಹಾಡಿದವನಿಗೆ ನೊಣ, ಇವನಿಗೆ ಹೆಣ್ಣು.

ಪ್ರಶ್ನೆ: ಯಾವಾಗಲೂ ಗಂಡೇ ಕುಣಿಯಬೇಕು, ಹೆಣ್ಣೇ ಆರಿಸಬೇಕು, ಇದು ಯಾವ ನ್ಯಾಯ? (ಸೊರಬ, ಹೆಸರು ಬೇಡ ಅಂದಿದ್ದಾರೆ)

ಉತ್ತರ: ನ್ಯಾಯ ಅಲ್ಲ, ಖರ್ಚಿನ ಲೆಕ್ಕ. ಹೆಣ್ಣು ನವಿಲು ಮೊಟ್ಟೆ ಇಟ್ಟು, ಸುಮಾರು 28 ದಿನ ಒಬ್ಬಳೇ ಕಾವು ಕೂತು, ಮರಿ ಕಟ್ಟಿಕೊಂಡು ತಿರುಗುತ್ತಾಳೆ. ಗಂಡು ಅತ್ತ ತಲೆಯೂ ಹಾಕುವುದಿಲ್ಲ. ಯಾರ ಖರ್ಚು ಜಾಸ್ತಿಯೋ ಅವರು ಅಳೆದು ತೂಗಿ ಆರಿಸುತ್ತಾರೆ, ಖರ್ಚಿಲ್ಲದವರು ಪೈಪೋಟಿ ಮಾಡುತ್ತಾರೆ. 1972ರಲ್ಲಿ ರಾಬರ್ಟ್ ಟ್ರಿವರ್ಸ್ ಹೇಳಿದ್ದು ಇದೇ. ಹಾಗಾದರೆ ಖರ್ಚು ಗಂಡಿನ ತಲೆಗೆ ಬಿದ್ದರೆ ಎಲ್ಲ ತಿರುಗಮುರುಗ ಆಗಬೇಕು. ಆಗುತ್ತೆ. ತಾವರೆ ಎಲೆ ಮೇಲೆ ಉದ್ದ ಬೆರಳೂರಿ ನಡೆಯುವ ದೇವನಕ್ಕಿಯನ್ನು ನೋಡಿ. ಅದರಲ್ಲಿ ಹೆಣ್ಣೇ ದೊಡ್ಡದು, ಹೆಣ್ಣು ಹೆಣ್ಣುಗಳೇ ಜಾಗಕ್ಕೆ ಜಗಳ ಆಡುತ್ತವೆ. ಒಂದು ಗಂಡಿಗೆ ನಾಲ್ಕು ಮೊಟ್ಟೆ ಇಟ್ಟುಕೊಟ್ಟು, ಅದೇ ಮಳೆಗಾಲದಲ್ಲಿ ಇನ್ನೊಂದು ಗಂಡಿನ ಹತ್ತಿರ ಹೋಗುತ್ತೆ. ಕಾವು, ಮರಿ, ಎಲ್ಲ ಅಪ್ಪನ ಪಾಲು. ನೀರು ಏರಿದರೆ ಮೊಟ್ಟೆಯನ್ನು ಕೊಕ್ಕಿಗೂ ಎದೆಗೂ ನಡುವೆ ಒತ್ತಿ ಹಿಡಿದು ಬೇರೆ ಎಲೆಗೆ ಸಾಗಿಸುವವನೂ ಅವನೇ. ನಿಮ್ಮ ಕಡೆ ತಾವರೆ ಕೆರೆಗೆ ಬರವಿಲ್ಲ, ಆಗಸ್ಟ್ ಹೊತ್ತಿಗೆ ಒಂದು ಬೈನಾಕ್ಯುಲರ್ ಹಿಡಿದು ದಡದಲ್ಲಿ ಕೂರಿ. ಉದ್ದ ಬಾಲ ನೋಡಿ ಗಂಡು ಅಂತ ತೀರ್ಮಾನ ಮಾಡಬೇಡಿ, ಆ ಕಾಲದಲ್ಲಿ ಎರಡಕ್ಕೂ ಬಾಲ ಇರುತ್ತೆ. ಮರಿ ಜೊತೆ ಇರುವವನು ಗಂಡು.