ಬ್ಯಾಂಕಾಕ್‌ನಲ್ಲಿ ಎರಡೇ ದಿನ ಇರುತ್ತೇವೆ, ಜೊತೆಗೆ ಸಸ್ಯಾಹಾರಿ ಅಪ್ಪ-ಅಮ್ಮ. ಗ್ರ್ಯಾಂಡ್ ಪ್ಯಾಲೇಸ್‌ಗೆ ತಲೆಗೆ 500 ಬಾತ್ ಕೊಡುವುದು ದಂಡವೇ?

ಅರಮನೆ ಆವರಣದ ಗುಡಿಯಲ್ಲಿ ಪಚ್ಚೆ ಬುದ್ಧನಿಗೆ ಕೈಮುಗಿದು, ಚಿನ್ನದ ಗೋಪುರದ ಮುಂದೆ ನಾಲ್ಕು ಫೋಟೊ ತೆಗೆದು ಹೊರಬೀಳುವುದಾದರೆ ದಂಡವೇ. ಬುದ್ಧನ ಮೂರ್ತಿ ಇರುವುದು 66 ಸೆಂಟಿಮೀಟರ್, ಕೂತಿರುವುದು ಎತ್ತರದ ಪೀಠದ ಮೇಲೆ, ಒಳಗೆ ಫೋಟೊಗೆ ಅವಕಾಶವಿಲ್ಲ.

ಆದರೆ ಆ ಗುಡಿಯ ಸುತ್ತಲಿನ ಪ್ರಾಕಾರದ ಗೋಡೆ ನೋಡುವುದಾದರೆ ದುಡ್ಡು ವಸೂಲಾಗುತ್ತದೆ. 178 ಚಿತ್ರಗಳಲ್ಲಿ ಇಡೀ ರಾಮಾಯಣ, ಥಾಯ್ ಜನರ ರಾಮಕಿಯೆನ್, ಅಲ್ಲಿದೆ. ಗುಂಪಿನ ಗೈಡ್‌ಗಳು ಅದರ ಪಕ್ಕದಲ್ಲೇ ಓಡಿಸಿಕೊಂಡು ಹೋಗುತ್ತಾರೆ, ಹಾಗಾಗಿ ನಿಮಗೆ ನೆರಳೂ ಸಿಗುತ್ತದೆ, ಜಾಗವೂ ಸಿಗುತ್ತದೆ. ಅಪ್ಪ-ಅಮ್ಮನಿಗೆ ಯಾರೂ ಕಥೆ ಹೇಳಿಕೊಡಬೇಕಿಲ್ಲ, ಜಗಳ ಆಡಲಿಕ್ಕೂ ಬೇಕಾದಷ್ಟಿದೆ! ಅಲ್ಲಿನ ಹನುಮಂತ ಬ್ರಹ್ಮಚಾರಿಯಲ್ಲ. ಸೇತುವೆ ಕಟ್ಟುವಾಗ ಕಲ್ಲು ಕದಿಯಲು ಬಂದ ಮತ್ಸ್ಯಕನ್ಯೆ, ಅದೂ ರಾವಣನ ಮಗಳು, ಅವಳನ್ನೇ ಒಲಿಸಿಕೊಳ್ಳುತ್ತಾನೆ, ಮಗನೂ ಹುಟ್ಟುತ್ತಾನೆ. ಸೀತೆಯೂ ರಾವಣನ ಮಗಳೇ. ಇದು ನಮ್ಮ ಜನಪದ ರಾಮಾಯಣದಲ್ಲೂ ಉಂಟು, ಆದ್ದರಿಂದ ಅಮ್ಮ ಅಷ್ಟೇನೂ ಬೆಚ್ಚಲಾರರು. ಇಲ್ಲಿಗೇ ಎರಡು ಗಂಟೆ ಕೊಡಿ.

ಬೆಳಿಗ್ಗೆ 8:30ಕ್ಕೆ ಬಾಗಿಲು ತೆರೆಯುವಾಗಲೇ ಹೋಗಿ, ಹತ್ತರ ಮೇಲೆ ಬಿಸಿಲೂ ಜನವೂ ತಡೆಯಲಾಗದು. ಮೊಣಕಾಲು, ಭುಜ ಮುಚ್ಚಿರಬೇಕು, ಚಡ್ಡಿ ನಡೆಯುವುದಿಲ್ಲ. ಹೊರಗೆ ಯಾರಾದರೂ ನಗುತ್ತಾ ಬಂದು "ಇವತ್ತು ಅರಮನೆ ಮುಚ್ಚಿದೆ, ಟುಕ್‌ಟುಕ್‌ನಲ್ಲಿ ಬೇರೆ ಗುಡಿ ತೋರಿಸುತ್ತೇನೆ" ಎಂದರೆ ತಿರುಗಿಯೂ ನೋಡಬೇಡಿ, ಆ ಸವಾರಿ ಹರಳಿನ ಅಂಗಡಿಯಲ್ಲೇ ಮುಗಿಯುತ್ತದೆ.

ಅರಮನೆಯಿಂದ ವಾಟ್ ಫೋ ಗುಡಿ ನಡೆದೇ ಹೋಗುವಷ್ಟು ದೂರ. 46 ಮೀಟರ್ ಉದ್ದದ ಮಲಗಿದ ಬುದ್ಧ, ಪಾದದ ತುಂಬ ಮುತ್ತಿನ ಚಿಪ್ಪಿನ ಕೆಲಸ. ಆವರಣದಲ್ಲೇ ಥಾಯ್ ಮಸಾಜ್ ಶಾಲೆಯಿದೆ, ಅಪ್ಪನ ಕಾಲಿಗೆ ಅದು ಬೇಕಾಗುತ್ತದೆ. ಎದುರು ದಡದ ವಾಟ್ ಅರುಣ್‌ಗೆ ಥಾ ತಿಯೆನ್ ಕಟ್ಟೆಯಿಂದ ದೋಣಿ ಹೋಗುತ್ತದೆ. ಮೆಟ್ಟಿಲು ಕಡಿದಾಗಿವೆ, ದೊಡ್ಡವರು ಕೆಳಗೇ ಕೂತು ಪಿಂಗಾಣಿ ಚೂರುಗಳ ಗೋಪುರ ನೋಡಿದರೆ ಸಾಕು.

ಎರಡನೇ ದಿನ ಚೈನಾಟೌನ್‌ನ ವಾಟ್ ತ್ರೈಮಿತ್. ಸುಮಾರು 5.5 ಟನ್ ತೂಕದ ಆ ಚಿನ್ನದ ಬುದ್ಧ ಶತಮಾನಗಳ ಕಾಲ ಗಾರೆ ಮೆತ್ತಿಕೊಂಡು ಕೂತಿದ್ದ. 1955ರಲ್ಲಿ ಜಾಗ ಬದಲಿಸುವಾಗ ಗಾರೆ ಒಡೆದಾಗಲೇ ಗುಟ್ಟು ಹೊರಬಿದ್ದದ್ದು. ಮಾಲ್‌ಗಳನ್ನು ಬಿಟ್ಟುಬಿಡಿ. ಶನಿವಾರವೋ ಭಾನುವಾರವೋ ಆದರೆ ಚತುಚಕ್ ಸಂತೆಗೆ ಒಂದು ಸುತ್ತು, ಅಷ್ಟೆ.

ಊಟಕ್ಕೆ "ವೆಜ್" ಎಂದರೂ ಮೀನಿನ ಸಾಸ್ ಬೀಳಬಹುದು. "ಜೇ", ಅಂದರೆ ಅಲ್ಲಿನ ಕಟ್ಟುನಿಟ್ಟಿನ ಸಸ್ಯಾಹಾರ, ಎಂದು ಕೇಳಿ, ಹಳದಿ ಮೇಲೆ ಕೆಂಪು ಅಕ್ಷರದ ಬೋರ್ಡ್ ಹುಡುಕಿ. ಆ ಪದ್ಧತಿಯಲ್ಲಿ ಮೊಟ್ಟೆ ಮಾತ್ರವಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ವರ್ಜ್ಯ.