ಸ್ಟಾರ್ಟರ್ ಹಾಕಿಸಿ, ಅಲಾರಂ ಬಿಡಿ

ಬೇಸಿಗೆಯಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿಗೆ ಬಂದಿಳಿದಿದ್ದೀರಿ. ಎರಡು ಚಿಕ್ಕ ಮಕ್ಕಳು, ಓಡಾಟಕ್ಕೆ ಹಳೇ ಡಾಜ್ ಗ್ರ್ಯಾಂಡ್ ಕ್ಯಾರವಾನ್ ವ್ಯಾನು. ಅಂಗಡಿಯವನು ಕಳ್ಳತನದ ಅಲಾರಂ, ಮನೆಯೊಳಗಿಂದಲೇ ಎಂಜಿನ್ ಹೊತ್ತಿಸಿ ಗಾಡಿ ಬೆಚ್ಚಗಾಗಿಸುವ ರಿಮೋಟ್ ಸ್ಟಾರ್ಟರ್, ಎರಡೂ ಸೇರಿಸಿ ಒಂದು ರೇಟು ಹೇಳಿದ್ದಾನೆ. "ಇದೆಲ್ಲ ನಿಜವಾಗಿ ಬೇಕಾ, ಇಲ್ಲ ಹೊಸಬರು ಅಂತ ತಲೆಗೆ ಕಟ್ಟುತ್ತಿದ್ದಾನಾ?" ಅಂತ ಕೇಳಿದ್ದೀರಿ.

ಸ್ಟಾರ್ಟರ್ ಬೇಕು. ಅಲಾರಂ ಮಾತ್ರ ತಲೆಗೆ ಕಟ್ಟುವ ಮಾಲು.

ದುಡ್ಡು ಕೊಡುವ ಮೊದಲು ಗಾಡಿಯ ಕೀ ನೋಡಿ. ಅದರ ಮೇಲೆ ಸುತ್ತುಬಾಣದ ಗುರುತಿನ ಬಟನ್ ಇದ್ದರೆ ಕಂಪನಿಯವರೇ ಸ್ಟಾರ್ಟರ್ ಕೊಟ್ಟಿದ್ದಾರೆ ಅಂತ ಅರ್ಥ. ಕ್ಯಾರವಾನ್‌ಗಳಲ್ಲಿ ಕೆಲವಕ್ಕೆ ಇದು ಬರುತ್ತದೆ, ಕೆಲವಕ್ಕೆ ಇಲ್ಲ.

ಇಲ್ಲಿ ಮೈನಸ್ 30 ಅನ್ನುವುದು ಬರೀ ಬಾಯಿಮಾತಲ್ಲ. ನಡುವೆ ಚಿನೂಕ್ ಅನ್ನುವ ಬೆಚ್ಚನೆಯ ಗಾಳಿ ಬೀಸಿ ಒಂದೇ ದಿನದಲ್ಲಿ ಹಿಮವೆಲ್ಲ ಕರಗಿಹೋಗುವುದೂ ಉಂಟು. ಅದನ್ನು ನಂಬಿ ಕೂರಬೇಡಿ. ನಿಮಗೆ ಚಳಿಗಿಂತ ದೊಡ್ಡ ಕಾರಣ ಮಕ್ಕಳು. ಉಬ್ಬಿದ ಜಾಕೆಟ್ ಹಾಕಿ ಮಗುವನ್ನು ಕಾರ್ ಸೀಟಿನಲ್ಲಿ ಕಟ್ಟಬಾರದು. ಗುದ್ದಿದ ಏಟಿಗೆ ಜಾಕೆಟ್ ಅಮುಕಿಕೊಂಡು ಬೆಲ್ಟ್ ಸಡಿಲವಾಗುತ್ತದೆ. ತೆಳು ಬಟ್ಟೆಯಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಮೇಲೆ ಕಂಬಳಿ ಹೊದಿಸಬೇಕು. ಹೆಪ್ಪುಗಟ್ಟಿದ ಗಾಡಿಯಲ್ಲಿ ಇದನ್ನು ಮಾಡಿ ನೋಡಿ, ಮಗು ಬೀದಿ ಕೇಳುವ ಹಾಗೆ ಕಿರುಚುತ್ತದೆ.

ಕೀ ಹಾಕಿ ಎಂಜಿನ್ ಓಡಲು ಬಿಟ್ಟು ಒಳಗೆ ಬಂದು ಕಾಫಿ ಕುಡಿಯುವವರೂ ಇದ್ದಾರೆ. ಕಳ್ಳರು ಕಾಯುವುದೇ ಅದನ್ನು. ಆಲ್ಬರ್ಟಾ ಪೊಲೀಸರು ಚಳಿಗಾಲದಲ್ಲಿ 'ಆಪರೇಷನ್ ಕೋಲ್ಡ್ ಸ್ಟಾರ್ಟ್' ಅಂತ ಬೀದಿಬೀದಿ ಸುತ್ತಿ ಇಂಥ ಗಾಡಿಗಳನ್ನು ಹುಡುಕಿ ಮಾಲೀಕರಿಗೆ ಬುದ್ಧಿ ಹೇಳುತ್ತಾರೆ. ರಿಮೋಟ್‌ನಿಂದ ಸ್ಟಾರ್ಟ್ ಮಾಡಿದರೆ ಬಾಗಿಲು ಲಾಕ್ ಆಗಿಯೇ ಇರುತ್ತದೆ. ಯಾರಾದರೂ ಗಾಜು ಒಡೆದು ಒಳಗೆ ಕೂತರೂ, ಕೀ ಇಲ್ಲದೆ ಬ್ರೇಕ್ ತುಳಿದ ತಕ್ಷಣ ಎಂಜಿನ್ ಆರಿಹೋಗುತ್ತದೆ.

ಅಲಾರಂ ಯಾಕೆ ಬೇಡ ಅಂದರೆ, ಅದು ಕೂಗಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಬೆಂಗಳೂರಿನಲ್ಲೂ ಅಷ್ಟೇ ಅಲ್ವಾ? 2007ರ ಸೆಪ್ಟೆಂಬರ್‌ನಿಂದ ಕೆನಡಾದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಇಮ್ಮೊಬಿಲೈಸರ್ ಕಡ್ಡಾಯ. ನಿಮ್ಮ ಗಾಡಿ ಅದರ ನಂತರದ್ದಾದರೆ, ಕೀಯಲ್ಲಿರುವ ಚಿಪ್ ಗುರುತಾಗದೆ ಎಂಜಿನ್ ಹೊತ್ತುವುದೇ ಇಲ್ಲ. ಟೊರೊಂಟೊ ಕಡೆ ಹೊಸ ಪುಶ್‌ಬಟನ್ ಗಾಡಿಗಳನ್ನು ಕದಿಯುವವರು ಮನೆಯೊಳಗಿನ ಕೀಯ ಸಿಗ್ನಲ್ಲನ್ನೇ ಹಿಡಿದು ಕಾರಿಗೆ ತಲುಪಿಸುತ್ತಾರೆ. ಮಾಲೀಕನೇ ಬಂದ ಅಂದುಕೊಂಡು ಕಾರು ತಾನೇ ಅಲಾರಂ ಆಫ್ ಮಾಡಿಕೊಳ್ಳುತ್ತದೆ! ಈ ಕಳ್ಳತನ ಎಷ್ಟು ಜಾಸ್ತಿಯಾಯಿತು ಅಂದರೆ, 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ ಒಟ್ಟಾವಾದಲ್ಲಿ ಸಭೆ ಕರೆಯಬೇಕಾಯಿತು. ನಿಮಗೆ ಅಷ್ಟೊಂದು ಭಯವಿದ್ದರೆ ಸ್ಟೀರಿಂಗ್‌ಗೆ ಹಾಕುವ ಕಬ್ಬಿಣದ ಲಾಕ್ ತನ್ನಿ. ಅಗ್ಗ, ಹೊರಗಿನಿಂದಲೇ ಕಾಣುತ್ತದೆ.

ಸ್ಟಾರ್ಟರ್‌ನಲ್ಲಿ ಬ್ರ್ಯಾಂಡಿಗಿಂತ ಕೂರಿಸುವ ಕೈ ಮುಖ್ಯ. ಚಿಪ್ ಕೀ ಇಲ್ಲದೆ ಎಂಜಿನ್ ಹೊತ್ತಬೇಕಾದರೆ ನಡುವೆ ಒಂದು ಬೈಪಾಸ್ ಮಾಡ್ಯೂಲ್ ಬೇಕು. ಹಳೇ ಕಾಲದವರು ಒಂದು ಸ್ಪೇರ್ ಕೀಯನ್ನೇ ಡ್ಯಾಶ್‌ಬೋರ್ಡ್ ಒಳಗೆ ಅಡಗಿಸಿಡುತ್ತಿದ್ದರು. ಈಗಲೂ ಯಾರಾದರೂ ಹಾಗೆ ಹೇಳಿದರೆ ನಮಸ್ಕಾರ ಹೇಳಿ ಬನ್ನಿ. ಬೈಪಾಸ್‌ಗೆ ನಿಮ್ಮ ಗಾಡಿಗೇ ಪ್ರೋಗ್ರಾಂ ಮಾಡಿದ ಡೇಟಾ ಮಾಡ್ಯೂಲ್ ಹಾಕುತ್ತೀರಾ ಅಂತ ಕೇಳಿ. ವೈರ್ ಕತ್ತರಿಸದೆ ಸಿಕ್ಕಿಸುವ ರೆಡಿ ವೈರ್ ಗೊಂಚಲು (ಹಾರ್ನೆಸ್) ನಿಮ್ಮ ಮಾಡೆಲ್ಲಿಗೆ ಸಿಗುತ್ತದಾ ಕೇಳಿ. ಸಿಗದಿದ್ದರೆ ಬೆಸುಗೆ ಹಾಕಿ ಟೇಪ್ ಸುತ್ತಲಿ, ಸುಮ್ನೆ ಕ್ಲಿಪ್ ಒತ್ತಿ ಬಿಟ್ಟರೆ ಎರಡು ಚಳಿಗಾಲ ಕಳೆಯುವುದರೊಳಗೆ ತೊಂದರೆ ಶುರು. ಬಾನೆಟ್ ಸ್ವಿಚ್ ಮಾತ್ರ ಬಿಡಬೇಡಿ. ಬಾನೆಟ್ ಎತ್ತಿ ಕೈ ಹಾಕಿದಾಗ, ಒಳಗಿನಿಂದ ಮಗು ರಿಮೋಟ್ ಒತ್ತಿದರೂ ಎಂಜಿನ್ ಹೊತ್ತಬಾರದು. ಕೆಲಸ ಮುಗಿದ ಮೇಲೆ ನೀವೇ ಬಾನೆಟ್ ಎತ್ತಿ ರಿಮೋಟ್ ಒತ್ತಿ ನೋಡಿ.

ಸ್ಟಾರ್ಟರ್ ಬಂತು ಅಂತ, ಕರೆಂಟಿನಿಂದ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಮರೆಯಬೇಡಿ. ನಿಮ್ಮ ಗಾಡಿಯ ಮುಂದೆ ಒಂದು ಪ್ಲಗ್ ನೇತಾಡುತ್ತಿದ್ದರೆ ಅದೇ ಅದು. ಮೈನಸ್ 20 ದಾಟಿದರೆ ಕರೆಂಟಿಗೆ ಹಾಕಿ, ಟೈಮರ್ ಇಟ್ಟು ಹೊರಡುವ ಎರಡು ಗಂಟೆ ಮೊದಲು ಆನ್ ಆದರೆ ಸಾಕು. ಇಡೀ ರಾತ್ರಿ ಹಾಕಿದರೆ ಕರೆಂಟ್ ಬಿಲ್ ದಂಡ. ಗ್ಯಾರೇಜ್ ಬಾಗಿಲು ಮುಚ್ಚಿರುವಾಗ ರಿಮೋಟ್ ಮುಟ್ಟಲೇಬೇಡಿ. ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಅದು ಮನೆಯೊಳಗೂ ನುಗ್ಗುತ್ತದೆ. ರಿಮೋಟ್ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಸರ್ವೀಸಿಗೆ ಬಿಡುವಾಗ ರಿಮೋಟ್ ಸ್ಟಾರ್ಟ್ ತಾತ್ಕಾಲಿಕವಾಗಿ ನಿಲ್ಲಿಸುವ 'ವ್ಯಾಲೆ ಮೋಡ್'ಗೆ ಹಾಕಿ, ಸ್ಟಾರ್ಟರ್ ಇದೆ ಅಂತ ಮೆಕ್ಯಾನಿಕ್‌ಗೂ ಹೇಳಿ.

ಈಗಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ಮೊದಲ ಹಿಮ ಬಿದ್ದ ಮರುದಿನ ಊರಿಗೆ ಊರೇ ಅದೇ ಅಂಗಡಿಗೆ ಫೋನ್ ಮಾಡುತ್ತದೆ.