ಚಾಲಿ ಸುಲಿಯುವ ಧೂಳಿಗೆ ಮೂಗು ಕಟ್ಟಿದರೆ: ಬಾಯಿಗೆ ಹಾಕುವ ಮದ್ದು ಬೇರೆ, ಮೂಗಿಗೆ ಬಿಡುವುದು ಬೇರೆ

ಚಾಲಿ (ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿದ ಅಡಿಕೆ) ಸುಲಿಯಲು ಶುರು ಮಾಡಿದ ಮೇಲೆ ಮೂಗು ಕಟ್ಟಿದೆ, ಹಣೆ ಕೆನ್ನೆ ಎಲ್ಲ ಭಾರ, ಬಗ್ಗಿದರೆ ತಲೆ ಸಿಡಿಯುತ್ತದೆ, ಹಳದಿ ಸಿಂಬಳ ಬರುತ್ತಾ ಉಂಟು, ಹದಿನೈದು ದಿನ ಆದರೂ ಹಾಗೇ ಇದೆ ಎಂದು ಬರೆದಿದ್ದೀರಿ. ಇಂಗ್ಲಿಷ್ ಮದ್ದು ಬೇಡ, ಮನೆಮದ್ದು ಹೇಳಿ, ಎಂಟು ವರ್ಷದ ಮಗನಿಗೂ ಆಗುವಂಥದ್ದು ಇದ್ದರೆ ಒಳ್ಳೆಯದು ಎಂದೂ ಕೇಳಿದ್ದೀರಿ. ಬಂದ ಉತ್ತರಗಳನ್ನೆಲ್ಲ ಓದಿದೆ. ತುಂಬೆ ಸೊಪ್ಪಿನ ರಸ ಮೂಗಿಗೆ ಬಿಡಿ, ಲಿಂಬೆರಸ ಎರಡು ಹನಿ, ಅರಿಶಿನ ಕೊಂಬಿನ ಹೊಗೆ, ನೀಲಗಿರಿ ಎಣ್ಣೆ, ಶುಂಠಿ ಕಷಾಯ. ಹೊಸ ಚಾಲಿ, ಪಟೋರ, ಕರಿಗೋಟು ಎಂದು ಬೇರೆ ಬೇರೆ ದರ್ಜೆಯ ಅಡಿಕೆ ಎಲ್ಲ ಒಂದೇ ಗೋಣಿಗೆ ತುಂಬಿದ ಹಾಗಾಯಿತು ಮಾರಾಯ್ರೇ. ಸ್ವಲ್ಪ ಹೆಕ್ಕಿ ಬೇರೆ ಮಾಡೋಣ.

ನನ್ನ ಲೆಕ್ಕ ಸರಳ. ಬಾಯಿಗೆ ಹಾಕುವ ಮನೆಮದ್ದು ಗುಣ ಮಾಡದಿದ್ದರೂ ಸಾಮಾನ್ಯವಾಗಿ ಕೆಡುಕು ಮಾಡುವುದಿಲ್ಲ. ಹೊಟ್ಟೆಯಲ್ಲಿ ಆಮ್ಲ ಉಂಟು, ಬಂದದ್ದನ್ನು ಅದು ನೋಡಿಕೊಳ್ಳುತ್ತದೆ. ಮೂಗಿಗೆ ಆ ಕಾವಲು ಇಲ್ಲ. ಮೂಗಿನ ಮಾಡಿನಲ್ಲಿ ಎಲುಬಿಗೆ ಸಣ್ಣ ಸಣ್ಣ ತೂತುಗಳಿವೆ, ವಾಸನೆಯ ನರಗಳು ಅದರ ಮೂಲಕ ನೇರ ಮಿದುಳಿಗೆ ಹೋಗುತ್ತವೆ. ಹಾಗಾಗಿ ಗದ್ದೆ ಬದಿಯಿಂದ ಕಿತ್ತು ತಂದ ತುಂಬೆಯನ್ನು ಅರೆದು, ಬಟ್ಟೆಯಲ್ಲಿ ಹಿಂಡಿ ಮೂಗಿಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ತುಂಬೆ ಮೇಲೆ ನನಗೆ ಸಿಟ್ಟಿಲ್ಲ, ಅದರ ಜೊತೆ ಹೋಗುವ ಮಣ್ಣು ನೀರಿನ ಮೇಲೆ ಸಂಶಯ. ಲಿಂಬೆರಸವಂತೂ ಬೇಡವೇ ಬೇಡ. 2021ರಲ್ಲಿ ಕೊರೋನಾ ಎರಡನೇ ಅಲೆಯ ಹೊತ್ತಿಗೆ ಊರಿಡೀ ಅದೇ ಸುದ್ದಿ ಓಡಾಡಿತ್ತು, ನೆನಪಿರಬೇಕು. ಅಷ್ಟು ಹುಳಿ ತಾಗಿದರೆ ಮೂಗಿನ ಒಳಪದರ ಸುಡುತ್ತದೆ. ಸುಟ್ಟ ಪದರ ಇನ್ನಷ್ಟು ಊದುತ್ತದೆ, ಅಷ್ಟೇ.

ಈ ಊದುವುದೇ ಇಲ್ಲಿ ಮುಖ್ಯ ವಿಷಯ. ಮುಖದ ಎಲುಬಿನೊಳಗೆ ಸೈನಸ್ ಎಂಬ ನಾಲ್ಕು ಜೊತೆ ಟೊಳ್ಳು ಜಾಗ ಉಂಟು: ಹಣೆಯಲ್ಲಿ, ಕೆನ್ನೆಯಲ್ಲಿ, ಎರಡು ಕಣ್ಣಿನ ನಡುವೆ, ಮತ್ತೆ ಹಿಂದೆ ಆಳದಲ್ಲಿ. ಅದರೊಳಗೆ ಯಾವಾಗಲೂ ತೆಳು ಲೋಳೆ ಹುಟ್ಟುತ್ತಾ ಇರುತ್ತದೆ. ಕಣ್ಣಿಗೆ ಕಾಣದ ರೋಮಗಳು ಅದನ್ನು ತಳ್ಳಿ ತಳ್ಳಿ ಮೂಗಿಗೆ ದಾಟಿಸುತ್ತವೆ. ದಾಟುವ ಬಾಯಿ ಕೆಲವೇ ಮಿಲಿಮೀಟರ್ ಅಗಲ. ಕೆನ್ನೆಯ ಟೊಳ್ಳಿಗೆ ಆ ಬಾಯಿ ತಳದಲ್ಲಿಲ್ಲ, ಮೇಲೆ ಇದೆ. ಧೂಳಿಗೋ ಶೀತಕ್ಕೋ ಒಳಪದರ ಊದಿ ಬಾಯಿ ಮುಚ್ಚಿದರೆ ಲೋಳೆ ತಾನಾಗಿ ಇಳಿಯಲು ದಾರಿಯೇ ಇಲ್ಲ. ಅಲ್ಲೇ ದಪ್ಪವಾಗುತ್ತದೆ, ಕೆಲವೊಮ್ಮೆ ಕೀವಾಗುತ್ತದೆ.

ಅದಕ್ಕೇ ಮನೆಮದ್ದಲ್ಲಿ ನಾನು ಮೊದಲ ಮಣೆ ಹಾಕುವುದು ಉಪ್ಪುನೀರಿಗೆ. ಯೋಗ ಕಲಿಸುವವರು ಜಲನೇತಿ ಎನ್ನುತ್ತಾರಲ್ವಾ, ಅದೇ. ಮೂಗಿಗೆ ಬಿಡಬಹುದಾದ ಮನೆಮದ್ದು ನನ್ನ ಪ್ರಕಾರ ಇದೊಂದೇ. ಧೂಳನ್ನೂ ದಪ್ಪ ಲೋಳೆಯನ್ನೂ ತೊಳೆದು ಹಾಕುತ್ತದೆ.

ಅರ್ಧ ಲೀಟರ್ ನೀರಿಗೆ ಪುಡಿ ಉಪ್ಪು ಮುಕ್ಕಾಲು ಟೀ ಚಮಚ, ಚಮಚದ ತಲೆ ತಟ್ಟಿ ಮಟ್ಟ ಮಾಡಿ. ಲೀಟರಿಗೆ 9 ಗ್ರಾಂ ಲೆಕ್ಕ ಅದು, ಮೆಡಿಕಲ್‌ನಲ್ಲಿ ಸಿಗುವ ಸಲೈನ್ ಕೂಡ ಅದೇ ಅಳತೆ. ಬೇಕಾದರೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಉರಿ ಕಡಿಮೆಯಾಗುತ್ತದೆ. ಉಪ್ಪು ಕಡಿಮೆಯಾದರೂ ಉರಿ, ಜಾಸ್ತಿಯಾದರೂ ಉರಿ. ಬರೀ ನೀರು ಹೋದರೆ ಹೇಗಿರುತ್ತದೆ ಎಂದು ಕೆರೆಗೆ ಹಾರಿ ಮೂಗಿಗೆ ನೀರು ಹತ್ತಿಸಿಕೊಂಡವರಿಗೆಲ್ಲ ಗೊತ್ತು. ನೀರು ಉಗುರು ಬೆಚ್ಚಗಿರಲಿ.

ನೀರಿನ ವಿಷಯದಲ್ಲಿ ಮಾತ್ರ ಉದಾಸೀನ ಮಾಡಬೇಡಿ. ನಮ್ಮದು ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ) ನೀರು, ತಣ್ಣಗೆ ಶುದ್ಧ ಇದೆ, ಅಜ್ಜನ ಕಾಲದಿಂದ ಕುಡಿಯುತ್ತಿದ್ದೇವೆ ಎಂದು ಹೇಳುವವರಿದ್ದಾರೆ. ಕುಡಿಯಿರಿ, ಯಾರು ಬೇಡ ಎಂದರು? ಮೂಗಿಗೆ ಮಾತ್ರ ಕುದಿಸದೆ ಬಿಡಬೇಡಿ. ಬೆಚ್ಚಗಿನ ಸಿಹಿನೀರಿನಲ್ಲಿ ನೆಗ್ಲೇರಿಯಾ ಎಂಬ ಅಮೀಬಾ ಇರಬಹುದು. ಕುಡಿದರೆ ಅದು ಏನೂ ಮಾಡುವುದಿಲ್ಲ. ಮೂಗಿನ ಮೂಲಕ ಹೋದರೆ ಮಿದುಳಿಗೆ ಹತ್ತುತ್ತದೆ, ಬದುಕುವವರು ತೀರಾ ಕಡಿಮೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಇಬ್ಬರು ನಲ್ಲಿ ನೀರಿನಲ್ಲಿ ನೇತಿ ಮಾಡಿ ಹೀಗೇ ತೀರಿಹೋದರು. ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದ ಮಿದುಳು ಜ್ವರದ ಪ್ರಕರಣಗಳು ಒಂದರ ಹಿಂದೆ ಒಂದು ಬಂದವು. ತೀರಾ ಅಪರೂಪದ ಕಾಯಿಲೆ, ಹೆದರಿ ಕೂರಬೇಕಾಗಿಲ್ಲ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷವಾದರೂ ಹಾಗೇ ಕುದಿಯಲಿ, ಮುಚ್ಚಿಟ್ಟು ಆರಿಸಿ, ಒಂದು ದಿನದೊಳಗೆ ಮುಗಿಸಿ. ಫಿಲ್ಟರ್ ನೀರಾದರೂ ಕುದಿಸಿ. ಟೆರೇಸಿನ ಮೇಲೆ ಬಿಸಿಲಿಗೆ ಕಾದ ಟ್ಯಾಂಕಿನ ನೀರಾದರಂತೂ ಎರಡು ಮಾತಿಲ್ಲ.

ಮಾಡುವುದು ಹೇಗೆಂದರೆ, ಬಚ್ಚಲಲ್ಲಿ ಮುಂದಕ್ಕೆ ಬಗ್ಗಿ, ತಲೆ ಒಂದು ಬದಿಗೆ ವಾಲಿಸಿ, ಮೇಲಿನ ಹೊಳ್ಳೆಗೆ ನೇತಿ ಪಾತ್ರೆಯ ಮೂತಿ ಇಡಿ. ಬಾಯಿ ತೆರೆದು ಬಾಯಲ್ಲೇ ಉಸಿರಾಡಿ. ನೀರು ಕೆಳಗಿನ ಹೊಳ್ಳೆಯಿಂದ ಇಳಿಯುತ್ತದೆ. ಆಮೇಲೆ ಇನ್ನೊಂದು ಬದಿ. ಮುಗಿದ ಮೇಲೆ ಎರಡೂ ಹೊಳ್ಳೆ ಒತ್ತಿ ಹಿಡಿದು ಜೋರಾಗಿ ಮೂಗು ಸೀಟಬೇಡಿ, ಕಿವಿಗೆ ನೀರು ಹತ್ತುತ್ತದೆ. ಅರ್ಧ ಗಂಟೆ ಬಿಟ್ಟು ಅಡಿಕೆ ಹೆಕ್ಕಲು ಬಗ್ಗಿದಾಗ ಮೂಗಿನಿಂದ ಬಳಬಳ ನೀರು ಇಳಿದರೆ ಗಾಬರಿ ಬೇಡ, ಒಳಗೆ ನಿಂತದ್ದು ಅದು. ಕಿವಿ ನೋವಿದ್ದರೆ, ಅಥವಾ ನೀರು ಆಚೆ ದಾಟದಷ್ಟು ಮೂಗು ಕಟ್ಟಿದ್ದರೆ ಅವತ್ತು ಬಿಟ್ಟುಬಿಡಿ. ಪಾತ್ರೆ ತೊಳೆದು ಒಣಗಿಸಿಡಿ. ಮಗನಿಗೆ ಇದರ ರಗಳೆಯೇ ಬೇಡ, ಮೆಡಿಕಲ್‌ನಲ್ಲಿ ಸಲೈನ್ ಸ್ಪ್ರೇ ಸಿಗುತ್ತದೆ, ಅದು ಸಾಕು.

ಇನ್ನು ಹಬೆ. ಹಬೆ ತೆಗೆದುಕೊಂಡರೆ ಹಾಯೆನಿಸುತ್ತದೆ, ಇಲ್ಲ ಎನ್ನುವುದಿಲ್ಲ. 2016ರಲ್ಲಿ ಇಂಗ್ಲೆಂಡಿನಲ್ಲಿ ಪದೇ ಪದೇ ಸೈನಸ್ ತೊಂದರೆ ಆಗುವ 800ಕ್ಕೂ ಹೆಚ್ಚು ಜನರಲ್ಲಿ ಹಬೆಯನ್ನೂ ಉಪ್ಪುನೀರನ್ನೂ ಪರೀಕ್ಷಿಸಿದರು. ಉಪ್ಪುನೀರಿನಿಂದ ಸ್ವಲ್ಪ ಗುಣ ಕಂಡಿತು, ಹಬೆಯಿಂದ ತಲೆನೋವು ಕಡಿಮೆಯಾದದ್ದು ಬಿಟ್ಟರೆ ಹೇಳುವಂಥದ್ದು ಸಿಗಲಿಲ್ಲ. ಹಾಗಾಗಿ ಬೇಕೆನಿಸಿದರೆ ತೆಗೆದುಕೊಳ್ಳಿ, ಆದರೆ ಕಂಬಳಿ ಹೊದ್ದು ಕುದಿಯುವ ಪಾತ್ರೆಯ ಮುಂದೆ ಮಗುವನ್ನು ಮಾತ್ರ ಕೂರಿಸಬೇಡಿ. ಪಾತ್ರೆ ಮಗುಚಿ ತೊಡೆ ಹೊಟ್ಟೆ ಸುಟ್ಟುಕೊಂಡು ಆಸ್ಪತ್ರೆ ಸೇರುವ ಮಕ್ಕಳು ಕಡಿಮೆಯೇನಲ್ಲ. ಬಚ್ಚಲ ಬಾಗಿಲು ಹಾಕಿ ಬಿಸಿನೀರಿನಲ್ಲಿ ನಿಧಾನ ಸ್ನಾನ ಮಾಡಿಸಿದರೆ ಅದೇ ಹಬೆ. ನೀಲಗಿರಿ ಎಣ್ಣೆ, ವಿಕ್ಸ್ ಇವೆಲ್ಲ ಮೂಗಿನ ತಂಪಿನ ನರವನ್ನು ಕೆಣಕುತ್ತವೆ, ಮೂಗು ಬಿಟ್ಟ ಹಾಗೆ ಅನಿಸುತ್ತದೆ, ಊತ ಇಳಿದಿರುವುದಿಲ್ಲ. ಎಣ್ಣೆಯನ್ನು ಮೂಗಿನೊಳಗೆ ಹಚ್ಚಬೇಡಿ, ಬಾಟಲಿ ಮಕ್ಕಳ ಕೈಗೆ ಸಿಗದಂತೆ ಇಡಿ. ಸ್ವಲ್ಪ ಕುಡಿದರೂ ಮಕ್ಕಳಿಗೆ ಫಿಟ್ಸ್ ಬರಬಹುದು. ಅರಿಶಿನ ಕೊಂಬಿನ ಹೊಗೆಯೂ ಹೊಗೆಯೇ. ಧೂಳಿಗೆ ಕೆರಳಿದ ಮೂಗಿಗೆ ಹೊಗೆ ಯಾಕೆ?

ಬಾಯಿಗೆ ಹಾಕುವುದರಲ್ಲಿ ನಾನು ಧಾರಾಳಿ. ಒಳ್ಳೆಮೆಣಸಿನ (ಕಾಳುಮೆಣಸಿನ) ಸಾರು ಬಿಸಿಬಿಸಿ ಉಂಡರೆ ಮೂಗು ಸುರಿಯಲು ಶುರುವಾಗುತ್ತದೆ, ಸ್ವಲ್ಪ ಹೊತ್ತು ಹಗುರ. ಜೀರಿಗೆ ಕೊತ್ತಂಬರಿ ಕಷಾಯ, ಶುಂಠಿ, ಸಾಂಬ್ರಾಣಿ (ದೊಡ್ಡಪತ್ರೆ) ಸೊಪ್ಪಿನ ತಂಬುಳಿ, ಯಾವುದಾದರೂ ಆಗಲಿ. ದೇಹಕ್ಕೆ ನೀರು ಸೇರಿದರೆ ಗಂಟಲಿಗೂ ಹಿತ. ಬಿಪಿ ಇದ್ದವರು ಕಷಾಯಕ್ಕೆ ಅತಿಮಧುರ ದಿನಾ ಹಾಕಬೇಡಿ, ಬಿಪಿ ಏರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬೇಡಿ.

ಇಷ್ಟೆಲ್ಲ ಮಾಡಿಯೂ ನಾಳೆ ಅದೇ ಧೂಳಿನಲ್ಲಿ ಕೂತರೆ ಏನು ಬಂತು? ಈ ಸಲ ಅಂಗಳದಲ್ಲಿ ಅಡಿಕೆಗೆ ಮಳೆ ಬಿದ್ದಿತ್ತಾ? ಮಳೆ ತಾಗಿದ ಸಿಪ್ಪೆಯಲ್ಲಿ ಬೂಸ್ಟು ಜಾಸ್ತಿ. ಸುಲಿಯುವ ಮೆಷಿನಿಗೆ ಹಾಕಿದಾಗ ಆ ಬೂದು ಪುಡಿಯೇ ಹಾರುವುದು. ಮುಖಕ್ಕೆ ಬೈರಾಸು (ಟವೆಲ್) ಕಟ್ಟಿಕೊಂಡರೆ ದೊಡ್ಡ ನಾರು ತಡೆಯುತ್ತದೆ, ಆ ಪುಡಿ ಒಳಗೆ ಹೋಗಿಯೇ ಹೋಗುತ್ತದೆ. ಎನ್-95 ಮಾಸ್ಕ್ ಹಾಕಿ, ಬದಿಯಲ್ಲಿ ಗಾಳಿ ನುಗ್ಗದಂತೆ ಮೂಗಿನ ಪಟ್ಟಿ ಒತ್ತಿಕೊಳ್ಳಿ. ಮೆಷಿನನ್ನು ಕೊಟ್ಟಿಗೆಯೊಳಗಿಂದ ಹೊರಗೆ ತನ್ನಿ, ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬರುವಂತೆ ನಿಲ್ಲಿ. ಸಿಪ್ಪೆ ರಾಶಿಯ ಹತ್ತಿರ ಮಗನನ್ನು ಆಡಲು ಬಿಡಬೇಡಿ. ಕೆಲಸ ಮುಗಿದ ಕೂಡಲೇ ಸ್ನಾನ, ಆಮೇಲೆ ಉಪ್ಪುನೀರು.

ಈಗ ನಿಮ್ಮ ಹದಿನೈದು ದಿನದ ವಿಷಯ. ಸಿಂಬಳ ಹಳದಿಯಾದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕಾಗಿಲ್ಲ, ವೈರಸ್ ಶೀತದಲ್ಲೂ ಹಳದಿ ಹಸಿರು ಬರುತ್ತದೆ. ಆದರೆ ವೈರಸ್ ಶೀತ ಸಾಧಾರಣ 7ರಿಂದ 10 ದಿನದಲ್ಲಿ ಇಳಿಮುಖ ಆಗಬೇಕು. 10 ದಿನ ಕಳೆದರೂ ಇಳಿಯದಿದ್ದರೆ, ಕಡಿಮೆಯಾಗಿ ಮತ್ತೆ ಜೋರಾದರೆ, ಅಥವಾ 102 ಡಿಗ್ರಿ ಜ್ವರ ಮೂರು ದಿನ ನಿಂತರೆ ಡಾಕ್ಟರಿಗೆ ತೋರಿಸಬೇಕು. ನೀವು ಆ ಗೆರೆ ದಾಟಿದ್ದೀರಿ. ಕಣ್ಣಿನ ಸುತ್ತ ಬಾವು, ಎರಡೆರಡು ಕಾಣುವುದು, ಕುತ್ತಿಗೆ ಬಿಗಿಯುವುದು ಇವುಗಳಲ್ಲಿ ಒಂದಿದ್ದರೂ ರಾತ್ರಿಯಾದರೂ ಹೊರಡಿ. ಸಕ್ಕರೆ ಕಾಯಿಲೆ ಇದ್ದು ಕೆನ್ನೆ ಜೋಮು ಹಿಡಿದರೆ, ಮೂಗಿನಿಂದ ಕಪ್ಪಾಗಿ ಬಂದರೆ ಆಗಲೂ ಅಷ್ಟೇ, 2021ರ ಕಪ್ಪು ಫಂಗಸ್ ಮರೆಯುವಂಥದ್ದಲ್ಲ. ಒಂದೇ ಬದಿ ಕಟ್ಟಿ ಕೆಟ್ಟ ವಾಸನೆ ಬರುತ್ತಿದ್ದರೆ ಮೇಲಿನ ದವಡೆ ಹಲ್ಲನ್ನೂ ನೋಡಿಸಿ, ಹುಳುಕು ಹಲ್ಲಿನ ಬೇರಿನಿಂದ ಕೆನ್ನೆಯ ಸೈನಸ್‌ಗೆ ಕೀವು ಹತ್ತುವುದುಂಟು.

ಅಲ್ಲಿಯವರೆಗೆ ಮೂಗು ಬಿಡುತ್ತದೆ ಎಂದು ಮೆಡಿಕಲ್‌ನಿಂದ ಊತ ಇಳಿಸುವ ಮದ್ದಿನ ಹನಿ (ಸಲೈನ್ ಅಲ್ಲ) ತಂದು ಸುಮ್ನೆ ಬಿಡುತ್ತಾ ಇರಬೇಡಿ. ಅದು ಐದು ದಿನಕ್ಕಿಂತ ಜಾಸ್ತಿಯಾದರೆ ಹನಿ ಇಲ್ಲದೆ ಮೂಗೇ ಬಿಡುವುದಿಲ್ಲ. ಡಾಕ್ಟರ ಹತ್ತಿರ ಚಾಲಿ ಸುಲಿಯುವ ವಿಷಯ ನೀವಾಗಿ ಹೇಳಿ, ಅವರು ಕೇಳಲಿಕ್ಕಿಲ್ಲ. ಮೆಷಿನ್ ನಿಲ್ಲಿಸಿದ ದಿನ ಕಡಿಮೆ ಇರುತ್ತದಾ, ಕಣ್ಣು ಮೂಗು ತುರಿಸುತ್ತದಾ, ಹೋದ ವರ್ಷವೂ ಇದೇ ತಿಂಗಳಿಗೆ ಶುರುವಾಗಿತ್ತಾ, ಇಷ್ಟನ್ನೂ ಹೇಳಿ. ಅಲರ್ಜಿ ಎಂದಾದರೆ ಮದ್ದೇ ಬೇರೆ. ದಿನಾ ಹೊಡೆಯುವ ಸ್ಪ್ರೇ ಕೊಟ್ಟರೆ ಎರಡು ದಿನದಲ್ಲಿ ಗುಣ ಕಾಣಲಿಲ್ಲ ಎಂದು ಬಿಡಬೇಡಿ, ಅದಕ್ಕೆ ಒಂದೆರಡು ವಾರ ಬೇಕು. ಉಪ್ಪುನೀರಿನಲ್ಲಿ ತೊಳೆದ ಮೇಲೆಯೇ ಹೊಡೆಯಿರಿ.